ಸ್ಪ್ಯಾನರ್ ಅಕ್ಕನ ಅಂಚೆ ಡಬ್ಬಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಕಥೆ. "ಬಿಗಿ ಮಾಡಿದೆ, ಸಾಲದು ಅಂತ ಇನ್ನೂ ಬಿಗಿ ಮಾಡಿದೆ, ಪಟ್ ಅಂತ ಹೋಯಿತು." ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದು, ಆಮೇಲೆ ಹುಡುಗ ಹುಡುಗಿಯರಿಗೆ ಫಿಟ್ಟಿಂಗ್ ಕಲಿಸುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಬಳಸಿ ಸವೆದ ಸಾಮಾನಿಗಿಂತ ಜೋರು ಹಾಕಿ ಕೆಡಿಸಿದ ಸಾಮಾನೇ ನನ್ನ ಮೇಜಿಗೆ ಜಾಸ್ತಿ ಬಂದದ್ದು. ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ.

ಪ್ರಶ್ನೆ: ಅಕ್ಕಾ, ಕೆಲಸ ಸಿಕ್ಕಿ ಮೊದಲ ಸಲ ಒಬ್ಬನೇ ಮನೆ ಮಾಡಿದ್ದೇನೆ. ನೂರು ಸಾಮಾನಿರುವ ಟೂಲ್ ಕಿಟ್ ಒಂದನ್ನು ನೋಡಿಟ್ಟಿದ್ದೇನೆ. ತಗೊಳ್ಳಲಾ?

ಉತ್ತರ: ಬೇಡ ತಮ್ಮಾ. ಅಂಥ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಬೆರಳುದ್ದದ ಬಿಟ್‌ಗಳೇ ಇರುತ್ತವೆ. ದಿನಾ ಕೈಗೆ ಬರುವ ನಾಲ್ಕೈದು ಸಾಮಾನು ಮೆತ್ತನೆ ಲೋಹದ್ದಾಗಿದ್ದರೆ ಉಳಿದ ತೊಂಬತ್ತು ಇದ್ದೇನು ಪ್ರಯೋಜನ? ಒಂದೊಂದಾಗಿ ಕೊಂಡುಕೋ. ಕೊಳ್ಳುವಾಗ ಒಳ್ಳೆಯದನ್ನೇ ಕೊಳ್ಳು.

ಮೊದಲು ಎರಡು ಸ್ಕ್ರೂಡ್ರೈವರ್. ಒಂದು ಚಪ್ಪಟೆ ಮೂತಿಯದು, ಒಂದು ಪ್ಲಸ್ ಮೂತಿಯದು. ಪ್ಲಸ್‌ನಲ್ಲಿ 2ನೇ ನಂಬರಿನದು ತಗೋ. ಹಿಡಿಯ ಮೇಲೋ ಸರಳಿನ ಮೇಲೋ ಪಿಎಚ್2 ಎಂದು ಬರೆದಿರುತ್ತದೆ. ಬಾಗಿಲ ಹಿಂಜ್, ಕಪಾಟು, ಕುರ್ಚಿ ಎಲ್ಲದರಲ್ಲೂ ಹೆಚ್ಚಾಗಿ ಸಿಗುವ ಸ್ಕ್ರೂಗೆ ಅದೇ ಸರಿಯಾಗಿ ಕೂರುತ್ತದೆ. ರಿಮೋಟು, ಆಟಿಕೆಗಳ ಸಣ್ಣ ಸ್ಕ್ರೂಗೆ 1ನೇ ನಂಬರು ಬೇಕು. ಅದನ್ನು ಆಮೇಲೆ ತಗೊಂಡರಾಯಿತು.

ಸ್ಪ್ಯಾನರ್‌ನಲ್ಲಿ 8, 10, 13 ಈ ಮೂರು ಅಳತೆ ಸಾಕು. ಯಾಕೆ ಇವೇ ಅಂತೀಯಾ? 5 ಮಿಲಿಮೀಟರ್ ದಪ್ಪದ ಬೋಲ್ಟಿನ ತಲೆ 8, 6ರದ್ದು 10, 8ರದ್ದು 13. ಮನೆಯ ಸಾಮಾನು, ಸೈಕಲ್ಲು, ಸ್ಕೂಟರುಗಳಲ್ಲಿ ಬಹುಪಾಲು ಇವೇ ಬರುತ್ತವೆ. ಈಗ ಇದು ಸಲೀಸು ಅನ್ನಿಸುತ್ತದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲರೂ ಒಂದೇ ಅಳತೆಯ ಥ್ರೆಡ್, ಅಂದರೆ ತಿರುಪಿನ ಸುರುಳಿ ಗೆರೆ, ಬಳಸೋಣ ಎಂದು ಹೇಳುವವರೆಗೆ ಒಂದೊಂದು ಕಾರ್ಖಾನೆಗೆ ಒಂದೊಂದು ಲೆಕ್ಕ ಇತ್ತು. ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಹೋಗುತ್ತಿರಲಿಲ್ಲ.

ಅಳತೆ ಗೊತ್ತಿಲ್ಲದ ಕಡೆಗೆ ಒಂದು ಅಡ್ಜಸ್ಟಬಲ್ ಸ್ಪ್ಯಾನರ್. ಅದರ ಎರಡು ದವಡೆಗಳಲ್ಲಿ ಒಂದು ಅಲುಗಾಡುವುದಿಲ್ಲ, ಇನ್ನೊಂದು ಸರಿಯುತ್ತದೆ. ತಿರುಗಿಸುವಾಗ ಬಲವೆಲ್ಲ ಅಲುಗಾಡದ ದವಡೆಯ ಮೇಲೆ ಬೀಳುವಂತೆ ಹಿಡಿ. ಉಲ್ಟಾ ಹಿಡಿದರೆ ಸರಿಯುವ ದವಡೆ ಬಾಯಿ ಬಿಟ್ಟು ನಟ್ಟಿನ ಮೂಲೆ ಉರುಟಾಗುತ್ತದೆ. ಮತ್ತೆ, ಆದಷ್ಟೂ ನಿನ್ನ ಕಡೆಗೆ ಎಳೆ. ದೂಡಿದಾಗ ನಟ್ಟು ಒಮ್ಮೆಗೇ ಸಡಿಲವಾದರೆ ಬೆರಳ ಗೆಣ್ಣು ಎದುರಿನ ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ.

ಇವುಗಳ ಜೊತೆ ಒಂದು ಇಕ್ಕಳ, ಒಂದು ಸುತ್ತಿಗೆ, ಒಂದು ಅಳತೆ ಟೇಪು, ಒಂದು ಟಾರ್ಚು. ಟಾರ್ಚ್ ಯಾಕೆ ಅಂತ ನಗಬೇಡ. ಕಾಣದೆ ಮಾಡಿದ ಕೆಲಸದಷ್ಟು ಕೆಟ್ಟ ಕೆಲಸ ಇಲ್ಲ.

ಪ್ಲಸ್ ಸ್ಕ್ರೂ ಬಗ್ಗೆ ಒಂದು ಮಾತು. ಅದರ ಕುಳಿಯ ಗೋಡೆಗಳು ಇಳಿಜಾರು. ಮೂತಿ ತಾನಾಗಿ ನಡುವಿಗೆ ಬಂದು ಕೂರಲಿ ಅಂತ ಹಾಗೆ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಇದನ್ನು ಹೊರತಂದಾಗ ಕಾರು ಮಾಡುವವರು ಒಪ್ಪಿಕೊಂಡದ್ದೂ ಇದಕ್ಕೇ, ಯಂತ್ರದಿಂದ ಬೇಗ ಬೇಗ ತಿರುಗಿಸಬಹುದು. ಆದರೆ ಅದೇ ಇಳಿಜಾರಿನಿಂದಾಗಿ ಜೋರು ಹಾಕಿದರೆ ಮೂತಿ ಮೇಲಕ್ಕೆ ಹತ್ತಿ ಜಾರುತ್ತದೆ. ಜಾರಿದ ಪ್ರತಿ ಸಲವೂ ಕುಳಿ ಸ್ವಲ್ಪ ಸವೆಯುತ್ತದೆ. ಹಾಗಾಗಿ ಕೈಯ ಬಲದಲ್ಲಿ ಮುಕ್ಕಾಲು ಭಾಗ ಒತ್ತಲಿಕ್ಕೆ, ಕಾಲು ಭಾಗ ತಿರುಗಿಸಲಿಕ್ಕೆ.

ಪ್ರಶ್ನೆ: ನಿಮ್ಮ ಮಾತು ತಡವಾಗಿ ಸಿಕ್ಕಿತು. ನಮ್ಮ ಕಪಾಟಿನ ಸ್ಕ್ರೂ ಆಗಲೇ ಉರುಟಾಗಿದೆ. ತೆಗೆಯುವುದು ಹೇಗೆ?

ಉತ್ತರ: ಅಗಲವಾದ ರಬ್ಬರ್ ಬ್ಯಾಂಡನ್ನು ಕುಳಿಯ ಮೇಲಿಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ, ನಿಧಾನಕ್ಕೆ ತಿರುಗಿಸಿ ನೋಡಿ. ಆಗಲಿಲ್ಲವಾ, ತಲೆ ಸ್ವಲ್ಪ ಮೇಲೆದ್ದಿದ್ದರೆ ಇಕ್ಕಳದಲ್ಲಿ ಕಚ್ಚಿ ತಿರುಗಿಸಿ. ಅದೂ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಒಂದು ನೇರ ಗೀಟು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ. ತುಕ್ಕಿನ ಹಿಡಿತ ಅಲ್ಲೇ ಬಿಡುತ್ತದೆ, ಆಮೇಲೆ ವಾಪಸ್ ತಿರುಗಿಸುವುದು ಸುಲಭ. ಹಳೇ ಸ್ಕ್ರೂ ಮತ್ತೆ ಹಾಕಬೇಡಿ.

ಪ್ರಶ್ನೆ: ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ. ನಮ್ಮನೆಯವರು ದಿನಾ ರಾತ್ರಿ ಎರಡೂ ಕೈ ಹಾಕಿ ಬಿಗಿಯಾಗಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಮತ್ತೆ ಅದೇ ರಾಗ. ಪ್ಲಂಬರ್‌ಗೆ ಹೇಳಿ ಸಾಕಾಗಿದೆ, ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ.

ಉತ್ತರ: ನಿಮ್ಮನೆಯವರ ಕೈಬಲವೇ ಆ ನಲ್ಲಿಯನ್ನು ಕೊಲ್ಲುತ್ತಿದೆ ತಂಗೀ. ಹೇಗೆಂದು ಹೇಳುತ್ತೇನೆ, ಅವರಿಗೂ ಓದಿ ಹೇಳಿ.

ಸುತ್ತಿ ಸುತ್ತಿ ನಿಲ್ಲಿಸುವ ನಲ್ಲಿಯೊಳಗೆ ಒಂದು ದಂಡ ಇರುತ್ತದೆ. ಅದರ ತುದಿಗೆ ರಬ್ಬರಿನ ವಾಷರ್. ನಲ್ಲಿ ನಿಲ್ಲಿಸಿದಾಗ ಅದು ಕೆಳಗಿನ ಲೋಹದ ಬಳೆಯ ಮೇಲೆ ಕೂತು ನೀರಿನ ದಾರಿ ಮುಚ್ಚುತ್ತದೆ. ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಾಗ ತೊಟ್ಟಿಕ್ಕಲು ಶುರು. ಆಗ ಜೋರಾಗಿ ಬಿಗಿ ಮಾಡಿದರೆ ರಬ್ಬರ್ ಇನ್ನಷ್ಟು ಸೀಳುತ್ತದೆ. ಸೀಳಿದ ಜಾಗದಿಂದ ನೀರು ಸಣ್ಣ ಧಾರೆಯಾಗಿ ಸೀರುತ್ತಾ ಆ ಲೋಹದ ಬಳೆಯನ್ನೂ ಕೊರೆಯುತ್ತದೆ. ವಾಷರ್ ಒಂದನ್ನು ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸ ಇಡೀ ನಲ್ಲಿ ಬದಲಾಯಿಸುವಲ್ಲಿಗೆ ಬರುತ್ತದೆ.

ನೀವೇ ಮಾಡಿ. ಮೊದಲು ಬರುವ ನೀರನ್ನು ವಾಲ್ವಿನಲ್ಲಿ ನಿಲ್ಲಿಸಿ. ನಲ್ಲಿ ಪೂರ್ತಿ ತೆರೆದು ಪೈಪಿನಲ್ಲಿ ಉಳಿದದ್ದನ್ನು ಹರಿಯಲು ಬಿಡಿ. ನೀರು ಹೋಗುವ ತೂತಿಗೆ ಒಂದು ಬಟ್ಟೆ ತುರುಕಿ. ಸಣ್ಣ ಸ್ಕ್ರೂಗಳಿಗೆ ಆ ತೂತು ಕಂಡರೆ ಅದೇನೋ ಪ್ರೀತಿ. ನಲ್ಲಿಯ ಮೇಲಿನ ಹಿಡಿಯನ್ನು ಬಿಚ್ಚಿದರೆ ಒಳಗೆ ಆರು ಮೂಲೆಯ ಹಿತ್ತಾಳೆ ಭಾಗ ಕಾಣುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ. ಆದರೆ ತಿರುಗಿಸುವ ಮೊದಲು ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಭದ್ರವಾಗಿ ಹಿಡಿಯಬೇಕು, ಇನ್ನೊಂದು ಸ್ಪ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಬಲವೆಲ್ಲ ಗೋಡೆಯೊಳಗಿನ ಪೈಪಿಗೆ ಹೋಗುತ್ತದೆ. ಅದು ತಿರುಚಿದರೆ ಗೋಡೆ ಒಡೆಯಬೇಕಾದೀತು.

ದಂಡ ಹೊರಬಂದ ಮೇಲೆ ತುದಿಯ ವಾಷರ್ ತೆಗೆದು ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಈ ನಡುವೆ ಒಂದು ಕೆಲಸ ಮಾಡಿ. ಕಿರುಬೆರಳನ್ನು ನಲ್ಲಿಯೊಳಗೆ ಇಳಿಸಿ ಆ ಲೋಹದ ಬಳೆಯ ಸುತ್ತ ಆಡಿಸಿ. ನಯವಾಗಿ ಜಾರಿದರೆ ಹೊಸ ವಾಷರ್ ಬಹಳ ಕಾಲ ಬಾಳುತ್ತದೆ. ಎಲ್ಲಾದರೂ ಗರಗರ ಅನ್ನಿಸಿದರೆ ಬಳೆ ಕೊರೆದಿದೆ ಎಂದರ್ಥ, ಹೊಸ ವಾಷರ್ ಕೂಡ ಬೇಗ ಹೋಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ.

ವಾಪಸ್ ಜೋಡಿಸುವಾಗ ದಂಡವನ್ನು ಮೇಲಕ್ಕೆ, ಅಂದರೆ ತೆರೆದ ಸ್ಥಿತಿಗೆ, ತಿರುಗಿಸಿಟ್ಟುಕೊಂಡು ಕೂರಿಸಿ. ಹಾಗಾದರೆ ಬಿಗಿ ಮಾಡುವಾಗ ಹೊಸ ರಬ್ಬರ್ ಜಜ್ಜುವುದಿಲ್ಲ. ಆಮೇಲೆ ನೀರು ಬಿಟ್ಟು, ನೀರು ನಿಲ್ಲುವಷ್ಟೇ ತಿರುಗಿಸಿ, ಕೈ ತೆಗೆಯಿರಿ.

ಕಾಲು ಸುತ್ತು ತಿರುಗಿಸಿದರೆ ನಿಲ್ಲುವ ನಲ್ಲಿಯಾದರೆ ಒಳಗೆ ರಬ್ಬರ್ ವಾಷರ್ ಇರುವುದಿಲ್ಲ, ಪಿಂಗಾಣಿಯ ಎರಡು ಬಿಲ್ಲೆ ಇರುವ ಕಾರ್ಟ್ರಿಡ್ಜ್ ಇರುತ್ತದೆ. ಅದನ್ನು ಇಡಿಯಾಗಿ ಬದಲಾಯಿಸಬೇಕು.

ಎಷ್ಟು ನೀರು ಪೋಲಾಗುತ್ತಿದೆ ಅಂತ ಅನುಮಾನ ಇದ್ದರೆ ಕೆಳಗೆ ಲೋಟ ಇಟ್ಟು ಒಂದು ಗಂಟೆ ಬಿಟ್ಟು ಅಳೆದು 24ರಿಂದ ಗುಣಿಸಿ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ 86,400 ಹನಿ.

ಪ್ರಶ್ನೆ: ಅಕ್ಕಾವ್ರೇ, ನನ್ನ ಹೊಲಿಗೆ ಯಂತ್ರದಲ್ಲಿ ಬಟ್ಟೆಯ ಕೆಳಗಡೆ ದಾರ ಗುಂಗುರು ಗುಂಗುರಾಗಿ ಗಂಟು ಕಟ್ಟುತ್ತದೆ. ಕೆಳಗಿನ ದಾರ ಇರುವ ಬಾಬಿನ್ ಕೇಸ್ ಬದಲಾಯಿಸಿದೆ, ಅದರ ಸ್ಕ್ರೂ ಆ ಕಡೆ ಈ ಕಡೆ ತಿರುಗಿಸಿದೆ. ಏನೂ ಆಗಲಿಲ್ಲ. ಯಂತ್ರ ಮಾರಿಬಿಡಲಾ?

ಉತ್ತರ: ಮಾರಬೇಡಿ! ಗಂಟು ಕೆಳಗಿದ್ದರೆ ತಪ್ಪು ಮೇಲಿರುತ್ತದೆ. ಹೊಲಿಗೆಯವರಲ್ಲಿ ಹಲವರಿಗೆ ಇದು ಗೊತ್ತಿರುವುದಿಲ್ಲ, ಪಾಪ, ಬಾಬಿನ್ನನ್ನೇ ಬಯ್ಯುತ್ತಿರುತ್ತಾರೆ.

ಮೇಲಿನ ದಾರವನ್ನು ಎರಡು ಟೆನ್ಷನ್ ಬಿಲ್ಲೆಗಳು ನಡುವೆ ಹಿಡಿದು ಬಿಗಿ ಇಟ್ಟಿರುತ್ತವೆ. ಆ ಹಿಡಿತ ಇಲ್ಲದಿದ್ದರೆ ದಾರ ಬೇಕಾದ್ದಕ್ಕಿಂತ ಜಾಸ್ತಿ ಕೆಳಗಿಳಿದು ಅಲ್ಲೇ ಗುಂಗುರು ಕಟ್ಟುತ್ತದೆ. ಈಗ ಯೋಚಿಸಿ ನೋಡಿ, ದಾರ ಪೋಣಿಸುವಾಗ ನೀವು ಬಟ್ಟೆ ಒತ್ತುವ ಪಾದವನ್ನು ಎತ್ತಿರುತ್ತೀರಾ, ಇಳಿಸಿರುತ್ತೀರಾ? ಪಾದ ಎತ್ತಿದಾಗ ಮಾತ್ರ ಆ ಬಿಲ್ಲೆಗಳು ಬಾಯಿ ತೆರೆಯುತ್ತವೆ. ಇಳಿಸಿಟ್ಟು ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಹೋಗದೆ ಅಂಚಿನಲ್ಲೇ ಕೂರುತ್ತದೆ. ನೋಡಲು ಎಲ್ಲ ಸರಿಯಾಗೇ ಕಾಣುತ್ತದೆ.

ಹೀಗೆ ಪರೀಕ್ಷಿಸಿ. ದಾರ ಪೂರ್ತಿ ತೆಗೆಯಿರಿ. ಪಾದ ಎತ್ತಿ, ಹೊಸದಾಗಿ ಪೋಣಿಸಿ. ಸೂಜಿಗೆ ಹಾಕುವ ಮೊದಲು ದಾರವನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಸಲೀಸಾಗಿ ಬರಬೇಕು. ಈಗ ಪಾದ ಇಳಿಸಿ ಎಳೆಯಿರಿ. ಯಾರೋ ಆ ಕಡೆಯಿಂದ ಹಿಡಿದಂತೆ ತಡೆಯಬೇಕು. ತಡೆಯದಿದ್ದರೆ ಬಿಲ್ಲೆಗಳ ನಡುವೆ ನೂಲಿನ ಚೂರು ಸಿಕ್ಕಿಕೊಂಡಿದೆ. ಪಾದ ಎತ್ತಿ, ಮಡಿಸಿದ ತೆಳು ಬಟ್ಟೆಯನ್ನು ಬಿಲ್ಲೆಗಳ ನಡುವೆ ಹಾಯಿಸಿ ಒರೆಸಿ ತೆಗೆಯಿರಿ.

ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ಅದು ಬೇರೆ ಕಥೆ, ಅಲ್ಲಿ ಸೂಜಿಯ ತಪ್ಪು. ಸೂಜಿಯ ಒಂದು ಬದಿಯಲ್ಲಿ ಮೇಲಿಂದ ಕೆಳಗೆ ಉದ್ದ ಗೆರೆಯಂಥ ಕಾಲುವೆ ಇರುತ್ತದೆ. ದಾರ ಕಣ್ಣಿಗೆ ಹೋಗುವುದು ಆ ಕಾಲುವೆ ಇರುವ ಬದಿಯಿಂದ. ಸೂಜಿ ಉಲ್ಟಾ ಹಾಕಿದರೆ ಎಷ್ಟು ತಿರುಗಿಸಿದರೂ ಹೊಲಿಗೆ ಕೂರದು. ಮೊಂಡಾದ, ಕೊಂಚ ಬಾಗಿದ ಸೂಜಿಯೂ ಇದೇ ಆಟ ಆಡುತ್ತದೆ. ಗಾಜಿನ ಮೇಲೆ ಸೂಜಿಯ ಚಪ್ಪಟೆ ಬದಿ ಮಲಗಿಸಿ ನೋಡಿ, ಬಾಗಿದ್ದರೆ ಕೆಳಗಿನ ಸಂದು ಒಂದೇ ಸಮ ಇರುವುದಿಲ್ಲ.

ಎಣ್ಣೆ ವಿಷಯ: ಹೊಲಿಗೆ ಯಂತ್ರದ್ದೇ ತೆಳು ಎಣ್ಣೆ, ತೂತಿಗೊಂದು ಹನಿ. ಮನೆಯಲ್ಲಿದ್ದ ಬೇರೆ ಎಣ್ಣೆ ಸುರಿಯಬೇಡಿ. ಬೀಜದಿಂದ ತೆಗೆದ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ. ಅಂಥ ಯಂತ್ರಗಳನ್ನು ಬಿಡಿಸಿ ತೊಳೆಯುವ ಕಷ್ಟ ಕಂಡವಳು ನಾನು.

ಪ್ರಶ್ನೆ: ಇಸ್ತ್ರಿ ಮಾಡುವಾಗ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಜೊತೆಗೆ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್, ಆಗಾಗ ಬೀಳುತ್ತದೆ. ದೊಡ್ಡ ಎಂಸಿಬಿ ಹಾಕಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಅದನ್ನು ನಾನೇ ಹಾಕಬಹುದಾ?

ಉತ್ತರ: ಹಾಕಬೇಡಿ, ಬೇರೆಯವರಿಂದ ಹಾಕಿಸಲೂ ಬೇಡಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವಯರನ್ನು. ವಯರ್ ಎಷ್ಟು ಕರೆಂಟ್ ತಾಳುತ್ತದೋ ಅದನ್ನು ನೋಡಿಯೇ ಎಂಸಿಬಿ ಹಾಕಿರುತ್ತಾರೆ. ದೊಡ್ಡದು ಹಾಕಿದರೆ ಬೀಳುವುದು ನಿಲ್ಲುತ್ತದೆ ನಿಜ, ವಯರ್ ಬಿಸಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಅದು ಗೋಡೆಯೊಳಗೆ ಬಿಸಿಯಾಗುತ್ತಿರುವುದು ನಿಮಗೆ ಕಾಣುವುದಿಲ್ಲ ಅಷ್ಟೇ.

ಪ್ಲಗ್ ಬಿಸಿಯಾಗುವುದು ಸಡಿಲ ಹಿಡಿತದಿಂದ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಅಗಲವಾಗಿ ಪ್ಲಗ್ಗಿನ ಕಡ್ಡಿಯನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಕರೆಂಟ್ ಹೋಗುವ ಜಾಗ ಕಿರಿದಾಗುತ್ತದೆ, ಕಾವು ಹುಟ್ಟುತ್ತದೆ. ಕರೆಂಟ್ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ಅದಕ್ಕೇ ಮೊಬೈಲ್ ಚಾರ್ಜರಿಗೆ ಏನೂ ಆಗದ ಸಾಕೆಟ್ಟು ಇಸ್ತ್ರಿ ಪೆಟ್ಟಿಗೆಗೆ ಸುಡುತ್ತದೆ. ಪ್ಲಗ್ಗಿನ ಕಡ್ಡಿ ಕಪ್ಪಾಗಿದೆಯಾ, ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಆಗಿದ್ದರೆ ಆ ಸಾಕೆಟ್ಟು ಬಳಸುವುದನ್ನು ಇವತ್ತೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಎರಡನ್ನೂ ಬದಲಾಯಿಸಿ. ಎಂಸಿಬಿ ಯಾಕೆ ಬೀಳುತ್ತಿದೆ ಎಂದೂ ಅವರೇ ನೋಡಲಿ. ನೀವು ಒಂದು ಉಪಕಾರ ಮಾಡಬಹುದು. ಬಿದ್ದಾಗ ಏನೇನು ಚಾಲೂ ಇತ್ತು ಎಂದು ಬರೆದಿಡಿ. ಹಾಕಿದ ತಕ್ಷಣ ಬಿತ್ತಾ, ಹತ್ತು ನಿಮಿಷ ಆದ ಮೇಲೆ ಬಿತ್ತಾ ಎನ್ನುವುದು ಅವರಿಗೆ ದೊಡ್ಡ ಸುಳಿವು.

ನೀವೇ ಮಾಡಬೇಕಾದ ಕೆಲಸ ಒಂದಿದೆ, ಯಾರೂ ಮಾಡುವುದಿಲ್ಲ. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇದ್ದರೆ ಅದರ ಮೇಲೆ ಟೆಸ್ಟ್ ಗುಂಡಿ ಇರುತ್ತದೆ. ಮನೆಗಳಲ್ಲಿ ಜನರನ್ನು ಕಾಯಲು ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು, ಅಷ್ಟು ಸೋರಿದರೂ ಕರೆಂಟ್ ಕಡಿಯುತ್ತದೆ. ಆಗಾಗ ಆ ಗುಂಡಿ ಒತ್ತಿ. ತಕ್ಷಣ ಬಿದ್ದರೆ ಸರಿ. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಮತ್ತೆ ಟೆಸ್ಟರ್ ನಂಬುವವರಿಗೆ: ದೀಪ ಹತ್ತಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ, ಟೆಸ್ಟರ್ರೇ ಕೆಟ್ಟಿರಬಹುದು. ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಮೊದಲು ಹಿಡಿದು ನೋಡಿ, ಆಮೇಲೆ ಬೇಕಾದ ಕಡೆ, ಮತ್ತೆ ಗೊತ್ತಿರುವ ಕಡೆ. ಮೈಕ್ರೋವೇವ್ ಒಲೆಯ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಗ್ಯಾಸಿನ ಪೈಪು, ರೆಗ್ಯುಲೇಟರ್‌ಗೂ ಕೈ ಹಾಕಬೇಡಿ. ನಾನೂ ಹಾಕುವುದಿಲ್ಲ.

ಪ್ರಶ್ನೆ: ಸಾಣೆಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಚಾಕು ಹರಿತವಾಗುತ್ತಿಲ್ಲ. ಕಲ್ಲು ಸರಿಯಿಲ್ಲವಾ?

ಉತ್ತರ: ಕಲ್ಲು ಸರಿಯಿರುತ್ತದೆ. ನೀವು ಅಂಚಿನವರೆಗೆ ಉಜ್ಜುತ್ತಿಲ್ಲ, ಇಲ್ಲವೇ ಕೋನ ಬದಲಾಗುತ್ತಿದೆ. ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸಾಕು. ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧ ಬಾಗಿಸಿ, ಮತ್ತೆ ಅರ್ಧ ಬಾಗಿಸಿ, ಅದಕ್ಕಿಂತ ಚೂರು ಕೆಳಗೆ. ಅದೇ ಕೋನ. ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಆಗಾಗ ನಿಲ್ಲಿಸಿ, ಹೆಬ್ಬೆರಳನ್ನು ಇನ್ನೊಂದು ಬದಿಯಲ್ಲಿ ಬೆನ್ನಿನಿಂದ ಅಂಚಿನಾಚೆಗೆ ಜಾರಿಸಿ ನೋಡಿ. ಅಂಚಿನ ಉದ್ದಕ್ಕೂ ಬೆರಳಾಡಿಸುವುದಲ್ಲ, ಅಂಚಿನಿಂದ ಹೊರಗೆ. ತೆಳ್ಳಗೆ ಒಂದು ತರಿ ಬೆರಳಿಗೆ ತಗುಲುತ್ತದೆ. ಆ ತರಿ ಹಿಡಿಯಿಂದ ತುದಿಯವರೆಗೆ ಎಲ್ಲ ಕಡೆ ಸಿಕ್ಕ ಮೇಲೆಯೇ ಬದಿ ಬದಲಾಯಿಸಬೇಕು. ಹೆಚ್ಚಿನವರು ಅದಕ್ಕೆ ಮೊದಲೇ ಬದಲಾಯಿಸುತ್ತಾರೆ. ಕೊನೆಗೆ ಹಗುರ ಕೈಯಲ್ಲಿ ಎರಡೂ ಬದಿಗೆ ಒಂದೊಂದು ಸಲ ಎಳೆದು ತರಿ ಬೀಳಿಸಿ. ಕಾಗದದ ಅಂಚಿಗೆ ಇಟ್ಟರೆ ಸದ್ದಿಲ್ಲದೆ ಸೀಳಬೇಕು. ಮೊಂಡು ಚಾಕುವೇ ಕೈ ಕೊಯ್ಯುವುದು, ಒತ್ತಿ ಒತ್ತಿ ಕೊನೆಗೆ ಜಾರುತ್ತದೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಕಾಲದಲ್ಲಿ ಇದೆಲ್ಲ ಕಲಿಯಬೇಕಾ? ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ, ಆಗದಿದ್ದರೆ ಹೊಸದು ತಗೊಂಡರಾಯಿತು. ನನ್ನ ಒಂದು ಗಂಟೆಗೆ ಅದಕ್ಕಿಂತ ಬೆಲೆ ಇದೆ.

ಉತ್ತರ: ಬೇಜಾರೇನಿಲ್ಲ ಸಾರ್, ಒಳ್ಳೆಯ ಪ್ರಶ್ನೆ. ಎಲ್ಲರೂ ಎಲ್ಲವನ್ನೂ ರಿಪೇರಿ ಮಾಡಬೇಕು ಎಂದು ನಾನು ಎಲ್ಲೂ ಬರೆದಿಲ್ಲ. ದುಡ್ಡು ಉಳಿಯುತ್ತದೆ ಎಂಬ ಮಾತನ್ನೂ ನಾನು ಜಾಸ್ತಿ ಎತ್ತುವುದಿಲ್ಲ. ಕೆಲವು ಸಲ ಉಳಿಯುತ್ತದೆ, ಕೆಲವು ಸಲ ಇಲ್ಲ.

ಆದರೆ ಮೆಕ್ಯಾನಿಕ್ ಇದ್ದಾನೆ ಅಂದಿರಲ್ಲ, ಅವನಿಗೆ ಏನು ಹೇಳುತ್ತೀರಿ? ನಿಮ್ಮ ವಾಷಿಂಗ್ ಮಷೀನನ್ನೇ ತಗೊಳ್ಳಿ. "ಏನೋ ಸದ್ದು ಬರ್ತಿದೆ" ಎಂದರೆ ಅವರು ಬಂದು, ನೋಡಿ, ಸಾಮಾನು ತರಲು ಹೋಗಿ, ಮತ್ತೆ ಇನ್ನೊಂದು ದಿನ ಬರುತ್ತಾರೆ. ನಿಮ್ಮ ಆ ಬೆಲೆಯುಳ್ಳ ಗಂಟೆಗಳು ಕಾಯುವುದರಲ್ಲೇ ಹೋಗುತ್ತವೆ. ಬದಲಿಗೆ ಹೀಗೆ ಮಾಡಿ. ಪ್ಲಗ್ ತೆಗೆದು, ಮಷೀನಿನ ಎದುರುಬದುರು ಮೂಲೆಗಳನ್ನು ಕೈಯಿಂದ ಒತ್ತಿ ಅಲುಗಾಡಿಸಿ. ಕುಂಟಿದರೆ ಕಾಲಿನ ಅಳತೆ ತಪ್ಪಿದೆ. ಕಾಲಿಗೆ ತಿರುಪಿನ ಥ್ರೆಡ್ ಇರುತ್ತದೆ, ನೆಲಕ್ಕೆ ಕೂರುವವರೆಗೆ ತಿರುಗಿಸಿ, ಮೇಲಿನ ಲಾಕ್ ನಟ್ಟು ಬಿಗಿ ಮಾಡಿ. ಹಿಂಡುವಾಗ ಆಗುವ ಧಡಧಡ ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ. ಕುಂಟುತ್ತಿಲ್ಲವಾ, ಹಾಗಾದರೆ ಬಾಗಿಲು ತೆಗೆದು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ ಕಿವಿಗೊಡಿ. ಮೆಲ್ಲಗೆ ಸುಯ್ ಎಂದರೆ ಸರಿ. ಕಲ್ಲು ಉರುಳಿಸಿದ ಹಾಗೆ ಗೊರಗೊರ ಎಂದರೆ ಬೇರಿಂಗ್ ಹೋಗಿದೆ. ಈಗ ಫೋನ್ ಮಾಡಿ, "ಕಾಲು ಸರಿಯಿದೆ, ಡ್ರಮ್ ಕೈಯಲ್ಲಿ ತಿರುಗಿಸಿದರೂ ಗೊರಗೊರ ಅನ್ನುತ್ತದೆ, ಹಿಂಡುವಾಗ ಜಾಸ್ತಿ" ಎನ್ನಿ. ಆ ಕಡೆಯ ದನಿಯೇ ಬದಲಾಗುತ್ತದೆ. ವಿಷಯ ಗೊತ್ತಿರುವವರೊಡನೆ ಮಾತಾಡುವಾಗ ಯಾರೂ ಇಲ್ಲದ ರೋಗ ಹುಟ್ಟಿಸುವುದಿಲ್ಲ.

ಹೊಸದು ಕೊಳ್ಳುವಾಗಲೂ ಇದೇ ಅರಿವು ಬೇಕು. ನಾನು ಯಾವುದೇ ಸಾಮಾನು ಕೊಳ್ಳುವ ಮೊದಲು ಅದನ್ನು ತಲೆಕೆಳಗು ಮಾಡಿ ನೋಡುತ್ತೇನೆ, ಅಂಗಡಿಯವರು ಮುಖ ಸಿಂಡರಿಸಿದರೂ ಸರಿ. ತಳದಲ್ಲಿ ಸ್ಕ್ರೂ ಕಂಡರೆ ಸಮಾಧಾನ, ಬಿಚ್ಚಬಹುದು. ಸುತ್ತ ಅಂಟು ಹಾಕಿ ಮುಚ್ಚಿದ್ದರೆ ಅದನ್ನು ಮಾಡಿದವರಿಗೆ ನೀವು ಅದನ್ನು ಬಿಚ್ಚುವುದು ಇಷ್ಟವಿಲ್ಲ ಎಂದರ್ಥ. ಬಿಡಿಭಾಗ ಸಿಗುತ್ತದಾ, ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲಿ ಇದನ್ನೇ ನಿಯಮ ಮಾಡಿದರು. ಸ್ಮಾರ್ಟ್‌ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನುಗಳನ್ನು ಮಾರುವಾಗ ರಿಪೇರಿಗೆ 10ಕ್ಕೆ ಎಷ್ಟು ಅಂಕ ಎಂದು ತೋರಿಸಬೇಕಿತ್ತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದಾ, ಅದರ ಬೆಲೆ ಎಷ್ಟು, ಕೈಪಿಡಿ ಕೊಡುತ್ತಾರಾ, ಇವುಗಳ ಮೇಲೆ ಅಂಕ. ಅಂಥ ಚೀಟಿ ಇಲ್ಲದ ಕಡೆ ಆ ಲೆಕ್ಕ ನಿಮ್ಮ ಕಣ್ಣೇ ಹಾಕಬೇಕು.

ಇನ್ನೊಂದು ವಿಷಯ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ ರಿಪೇರಿ ಕೆಫೆ ಅಂತ ಶುರು ಮಾಡಿದರು. ಕೆಟ್ಟ ಸಾಮಾನು ತಗೊಂಡು ಜನ ಬರುತ್ತಾರೆ, ಬಲ್ಲವರು ಜೊತೆಗೆ ಕೂತು ರಿಪೇರಿ ಮಾಡುತ್ತಾರೆ. ನನಗೆ ಹಿಡಿಸಿದ್ದು ಅಲ್ಲಿಯ ಕ್ರಮ. ಸಾಮಾನು ಕೊಟ್ಟು ಹೋಗುವ ಹಾಗಿಲ್ಲ, ಪಕ್ಕದಲ್ಲೇ ಕೂತು ನೋಡಬೇಕು. ಇವತ್ತು ಆ ಹೆಸರಿನಲ್ಲಿ ಸಾವಿರಾರು ಕಡೆ ನಡೆಯುತ್ತಿದೆ. ಬಂದವರಿಗೆಲ್ಲ ಪುರುಸೊತ್ತು ಜಾಸ್ತಿ ಇತ್ತು ಅಂತ ನನಗೇನೂ ಅನ್ನಿಸುವುದಿಲ್ಲ. ಅಂಥ ಕಡೆ ಒಮ್ಮೆ ಹೋಗಿ ನೋಡಿ ಸಾರ್, ನಿಮ್ಮ ಒಂದು ಗಂಟೆ ಕೊಟ್ಟು.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಸೈಕಲ್ ಕೊಡಿಸಿದ್ದೇವೆ. ಬಿಚ್ಚುವುದು ಕಟ್ಟುವುದು ಅವಳಿಗೆ ತುಂಬ ಇಷ್ಟ. ಏನು ಕಲಿಸಲಿ? ಒಂದು ಪೆಡಲ್ ಬಿಚ್ಚಿದಳು, ಇನ್ನೊಂದು ಏನು ಮಾಡಿದರೂ ಬರುತ್ತಿಲ್ಲ!

ಉತ್ತರ: ಆ ಇನ್ನೊಂದು ಎಡಗಡೆಯದು ತಾನೇ? ಸದ್ಯ, ಇನ್ನೂ ಜೋರು ಹಾಕಿಲ್ಲ ಅನ್ನಿ. ಎಡ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ. ತುಳಿಯುವಾಗ ಭಾರ ಪೆಡಲಿನ ಅಚ್ಚಿನ ಸುತ್ತ ತಿರುಗುತ್ತಾ ಅಚ್ಚನ್ನು ತುಳಿಯುವ ದಿಕ್ಕಿಗೇ ನಿಧಾನಕ್ಕೆ ಹೊರಳಿಸುತ್ತದೆ. ಎರಡೂ ಕಡೆ ಒಂದೇ ಥರದ ಥ್ರೆಡ್ ಇದ್ದಿದ್ದರೆ ಎಡ ಪೆಡಲು ದಾರಿಯಲ್ಲೇ ಕಳಚಿ ಬೀಳುತ್ತಿತ್ತು. ಮಗಳಿಗೆ ಸುಲಭದ ಗುರುತು ಹೇಳಿಕೊಡಿ: ಸ್ಪ್ಯಾನರನ್ನು ಪೆಡಲಿಗೆ ಹಾಕಿ ಮೇಲ್ಮುಖವಾಗಿ ನಿಲ್ಲಿಸು, ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆಗಾದರೆ ಬಿಗಿ. ಎರಡೂ ಪೆಡಲಿಗೆ ಇದೇ ಲೆಕ್ಕ. ಹಾಕುವಾಗ ಮೊದಲ ನಾಲ್ಕು ಸುತ್ತು ಬರೀ ಬೆರಳಿನಿಂದ. ಸ್ಪ್ಯಾನರ್ ಆಮೇಲೆ.

ಮುಂದಿನ ಪಾಠ ಚೈನು. ಒಣಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಲಿ. ಕೊಂಡಿಗೊಂದು ಹನಿ ಎಣ್ಣೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಲಿ. ಎಣ್ಣೆ ಬೇಕಾದ್ದು ಕೊಂಡಿಯ ಒಳಗೆ. ಮೇಲೆ ಉಳಿದದ್ದು ಮಣ್ಣು ಹಿಡಿದು ಚೈನನ್ನೇ ಅರೆಯುತ್ತದೆ. ಅಳೆಯಲೂ ಕಲಿಸಿ. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಟ್ಟು 24 ಕೊಂಡಿ ಎಣಿಸಿದರೆ ಹೊಸ ಚೈನು ಸರಿಯಾಗಿ 12 ಇಂಚು ಬರುತ್ತದೆ. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಉದ್ದವಾದರೆ ಬದಲಾಯಿಸುವ ಹೊತ್ತು. ಎಂಟನೇ ಒಂದು ಭಾಗದವರೆಗೆ ಬಿಟ್ಟರೆ ಹಲ್ಲಿನ ಚಕ್ರವನ್ನೂ ತಿಂದಿರುತ್ತದೆ. ಹತ್ತು ವರ್ಷದವಳಿಗೆ ಭಿನ್ನರಾಶಿ ಹೇಗೂ ಶಾಲೆಯಲ್ಲಿ ನಡೆಯುತ್ತಿರುತ್ತದೆ, ಅಲ್ವಾ? ತಿರುಗುವ ಚಕ್ರ, ಚೈನಿನ ಹತ್ತಿರ ಬೆರಳಿಡಬಾರದು ಎನ್ನುವುದು ಮಾತ್ರ ಎಲ್ಲಕ್ಕಿಂತ ಮೊದಲ ಪಾಠ.

ಪ್ರಶ್ನೆ: ಬೀಗ ಸಿಕ್ಕಿಹಾಕಿಕೊಳ್ಳುತ್ತದೆ. ಎಣ್ಣೆ ಹಾಕಿದಾಗ ಎರಡು ದಿನ ಸರಿ, ಆಮೇಲೆ ಮೊದಲಿಗಿಂತ ಕಷ್ಟ.

ಉತ್ತರ: ಎಣ್ಣೆಗೆ ದೂಳು ಅಂಟಿ ಒಳಗೆ ಕೆಸರಾಗಿದೆ. ತೆಳುವಾದ ಕ್ಲೀನಿಂಗ್ ಸ್ಪ್ರೇ ಹೊಡೆದು, ಕೀಲಿ ಹಾಕಿ ತೆಗೆದು ಮಾಡುತ್ತಾ ಪ್ರತಿ ಸಲ ಕೀಲಿ ಒರೆಸಿ. ಕಪ್ಪು ಬರುವುದು ನಿಂತ ಮೇಲೆ ಪೂರ್ತಿ ಒಣಗಲು ಬಿಡಿ. ಆಮೇಲೆ ಮೆತ್ತನೆಯ 4ಬಿ ಪೆನ್ಸಿಲಿನಿಂದ ಕೀಲಿಯ ಹಲ್ಲುಗಳನ್ನೆಲ್ಲ ಚೆನ್ನಾಗಿ ಕಪ್ಪು ಮಾಡಿ ಬೀಗದೊಳಗೆ ಹಾಕಿ ತಿರುಗಿಸಿ. ಪೆನ್ಸಿಲಿನ ಗ್ರಾಫೈಟ್ ಒಣಗಿದ್ದಾಗಲೇ ಜಾರುತ್ತದೆ, ದೂಳು ಹಿಡಿಯುವುದಿಲ್ಲ. ಇನ್ನು ಮೇಲೆ ಆ ಬೀಗಕ್ಕೆ ಎಣ್ಣೆ ಬೇಡ. ಕೀಲಿಯೇ ಬಾಗಿದ್ದರೆ ಬಡಿದು ನೇರ ಮಾಡಲು ಹೋಗಬೇಡಿ. ಅದು ಮುರಿದರೆ ತುಂಡು ಬೀಗದೊಳಗೇ ಉಳಿಯುತ್ತದೆ. ಹೊಸ ಕೀಲಿ ಮಾಡಿಸಿ.